ಫೋಮಲ್‌ಹಾಟ್ ನಕ್ಷತ್ರದ ಕಾಣೆಯಾದ ಗ್ರಹ

ದೀಪಾವಳಿ ಕಳೆದು, ಮಳೆಯ ಮೋಡಗಳು ಚದುರಿ, ಆಕಾಶ ತಿಳಿಯಾಗುವ ನವೆಂಬರ್ ತಿಂಗಳ ಮೊದಲ ದಿನಗಳಲ್ಲಿ ರಾತ್ರಿ ಎಂಟು ಗಂಟೆಯ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತಕ್ಕೂ ನೆತ್ತಿಗೂ ಸರಿಸುಮಾರು ನಡುವೆ, ಬೆಳ್ಳಗೆ ಹೊಳೆಯುವ ಒಂಟಿ ನಕ್ಷತ್ರವೊಂದು ಗೋಚರಿಸುವುದು. ಅದರ ನೆರೆಯಲ್ಲಿ ಅಷ್ಟು ಪ್ರಕಾಶವುಳ್ಳ ಬೇರೆ ನಕ್ಷತ್ರವಿಲ್ಲ. ಆದುದರಿಂದ, ಶನಿಯೋ ಗುರುವೋ ಆ ದಿಕ್ಕಿಗೆ ಬಂದಿರುವ ವರ್ಷಗಳನ್ನು ಬಿಟ್ಟರೆ, ಅದನ್ನು ಗುರುತಿಸುವುದು ಕಷ್ಟವಲ್ಲ. ಪಾಶ್ಚಾತ್ಯ ನಕ್ಷತ್ರಪಟಗಳಲ್ಲಿ ಇದರ ಹೆಸರು ಫೋಮಲ್‌ಹಾಟ್. ಹೆಸರಿನ ಮೂಲ ಅರಬ್ಬೀ ಭಾಷೆ. ‘ಮೀನಿನ ಬಾಯಿ’ ಎಂದು ಅದರ ಅರ್ಥ. ದಕ್ಷಿಣ ಮತ್ಸ್ಯವೆಂಬ ನಕ್ಷತ್ರಪುಂಜದಲ್ಲಿ ಮೀನಿನ ಬಾಯಿಯ ಸ್ಥಾನದಲ್ಲಿ ಇದು ಇದೆ. ಲಂಡನ್ನಿನಲ್ಲಿರುವವನಿಗೆ ದಿಗಂತದ ಮಂಜಿನ ಮೇಲೆ ಸ್ವಲ್ಪವೇ ತಲೆಯೆತ್ತುವ ಈ ತಾರೆ ನಮ್ಮ ನಾಡಿನಿಂದ ಬಲು ಚೆನ್ನಾಗಿ ಕಾಣುತ್ತದೆ.

ಇದು ನಮ್ಮಿಂದ ೨೫ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿದೆ. ಈ ರಾತ್ರಿ ನಿಮ್ಮ ಕಣ್ಣನ್ನು ಹೊಗುವ ಅದರ ಬೆಳಕು, ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹುಟ್ಟುವ ಮೊದಲೇ ಅಲ್ಲಿಂದ ಹೊರಟದ್ದು. ದ್ರವ್ಯರಾಶಿಯಲ್ಲಿ ಫೋಮಲ್‌ಹಾಟ್ ಸೂರ್ಯನ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಬೆಳಕಿನಲ್ಲಿ ಸೂರ್ಯನ ಸುಮಾರು ೧೬ ಮಡಿ. ವಯಸ್ಸು ಸುಮಾರು ೪೪ ಕೋಟಿ ವರ್ಷ. ಸೂರ್ಯನಿಗೆ ೪೬೦ ಕೋಟಿ ವರ್ಷಗಳಾಗಿರುವುದನ್ನು ನೆನೆದರೆ ಇದಿನ್ನೂ ಎಳೆಯದೆಂದೇ ಹೇಳಬೇಕು.

೨೦೦೮ನೆಯ ಇಸವಿ ನವೆಂಬರ್ ತಿಂಗಳಲ್ಲಿ ಈ ನಕ್ಷತ್ರದ ಹೆಸರು ಜಗತ್ತಿನ ವೃತ್ತಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅಮೆರಿಕದ ಖಗೋಳಜ್ಞ ಪಾಲ್ ಕಲಾಸ್ ಮತ್ತು ಸಂಗಡಿಗರು ಹಬಲ್ ಆಕಾಶದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಫೋಮಲ್‌ಹಾಟನ್ನು ಸುತ್ತುವ ಗ್ರಹವೊಂದನ್ನು ಕಂಡುದಾಗಿ ಸಾರಿದ್ದರು. ಮನುಷ್ಯನ ಕಣ್ಣಿಗೆ ಕಾಣುವ ಜಾತಿಯ ಬೆಳಕಿನಲ್ಲಿ ಅನ್ಯ ನಕ್ಷತ್ರದ ಗ್ರಹವೊಂದರ ಚಿತ್ರ ಸಿಕ್ಕಿದುದು ಅದೇ ಮೊದಲೆಂದು ಎಲ್ಲರೂ ಹರ್ಷಿಸಿದರು. ೨೦೧೫ರಲ್ಲಿ ಅದಕ್ಕೆ ದಾಗೋನ್ ಎಂಬ ಹೆಸರನ್ನೂ ಇಟ್ಟದ್ದಾಯಿತು. ಆದರೆ ೨೦೨೦ರ ಹೊತ್ತಿಗೆ, ಗ್ರಹಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇಲ್ಲವೆಂಬಂತಾಯಿತು. ನಾಮಕರಣವಾದ ಕೂಸು ತೊಟ್ಟಿಲಲ್ಲಿ ಇಲ್ಲ! ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. ಚಿತ್ರ ಸುಳ್ಳಾಗಿರಲಿಲ್ಲ, ಚಿತ್ರದಲ್ಲಿದ್ದ ಬಿಂದುವೂ ಸುಳ್ಳಾಗಿರಲಿಲ್ಲ. ಹಾಗಿದ್ದ ಮೇಲೆ ಅದು ಏನು? ಅದು ಎಲ್ಲಿ ಹೋಯಿತು?

ಇದನ್ನು ಅರಿಯಬೇಕಾದರೆ, ಪರನಕ್ಷತ್ರಗಳ ಗ್ರಹಗಳನ್ನು ಕಾಣುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ಮೊದಲು ಮನಗಾಣಬೇಕು. ಇಂದು ನಮಗೆ ಇಂಥ ಗ್ರಹಗಳು ಸಾವಿರಾರು ತಿಳಿದಿವೆ. ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊಟ್ಟಮೊದಲ ಗ್ರಹವನ್ನು ೧೯೯೫ರಲ್ಲಿ ಮೇಯರ್ ಮತ್ತು ಕೆಲೊ ಎಂಬ ಸ್ವಿಸ್ ವಿಜ್ಞಾನಿಗಳು ಕಂಡುಹಿಡಿದರು. ಅದಕ್ಕಾಗಿ ೨೦೧೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅವರು ಆ ಗ್ರಹವನ್ನು ನೋಡಲಿಲ್ಲ. ಗ್ರಹದ ಸೆಳೆತಕ್ಕೆ ಸಿಕ್ಕಿ ನಕ್ಷತ್ರವು ಹಿಂದುಮುಂದಾಗಿ ತೊನೆಯುವುದನ್ನು ನೋಡಿ, ಅಲ್ಲಿ ಗ್ರಹವಿರಲೇಬೇಕೆಂದು ಊಹಿಸಿದರು. ತಿಳಿದಿರುವ ಗ್ರಹಗಳಲ್ಲಿ ಬಹುಪಾಲಿನವೆಲ್ಲ ಹೀಗೆ ಊಹೆಯಿಂದ, ಅಥವಾ ನಕ್ಷತ್ರದ ಮುಂದೆ ಗ್ರಹ ಹಾದುಹೋದಾಗ ಬೆಳಕು ತುಸು ಕುಂದುವುದರಿಂದ ಪತ್ತೆಯಾದವು. ಮುಖತಃ ನೋಡಿ ಚಿತ್ರ ತೆಗೆದ ಗ್ರಹಗಳು ಇವುಗಳ ನಡುವೆ ಬಹು ವಿರಳ.

ಕಷ್ಟ ಎರಡು ಬಗೆಯದು. ಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಕ್ಷತ್ರದ ಬೆಳಕನ್ನು ಪ್ರತಿಫಲಿಸಿ ಅದು ಹೊಳೆಯುತ್ತದೆ. ನಮ್ಮ ಗುರುಗ್ರಹದಿಂದ ಹೊರಡುವ ಬೆಳಕು ಸೂರ್ಯನ ಬೆಳಕಿನ ನೂರು ಕೋಟಿಯಲ್ಲಿ ಒಂದು ಪಾಲು; ಭೂಮಿಯಿಂದ ಹೊರಡುವುದು ಸಾವಿರ ಕೋಟಿಯಲ್ಲಿ ಒಂದು ಪಾಲು. ಬೆಳಕು ಕಡಿಮೆಯಾದರೂ ಗ್ರಹ ನಕ್ಷತ್ರದಿಂದ ದೂರವಿದ್ದರೆ ಚಿಂತೆಯಿರಲಿಲ್ಲ. ಎರಡನೆಯ ಕಷ್ಟ ಅಲ್ಲಿಯೇ ಇದೆ. ಫೋಮಲ್‌ಹಾಟಿನ ದೂರದಲ್ಲಿ ನಿಂತು ನಮ್ಮ ಸೌರವ್ಯೂಹವನ್ನು ನೋಡುವವನಿಗೆ ಸೂರ್ಯ ಮತ್ತು ಗುರುಗ್ರಹಗಳ ನಡುವಣ ಅಂತರ ಒಂದು ವಿಕಲೆಗೂ ಕಡಿಮೆಯಾಗಿ ಕಾಣುವುದು. ವಿಕಲೆಯೆಂದರೆ ಒಂದು ಡಿಗ್ರಿಯ ೩೬೦೦ನೆಯ ಭಾಗ. ಐದು ಕಿಲೋಮೀಟರು ದೂರದಲ್ಲಿ ಹಿಡಿದ ಒಂದು ರೂಪಾಯಿಯ ನಾಣ್ಯ ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಹೆಚ್ಚುಕಡಮೆ ಅಷ್ಟು.

ಕತ್ತಲೆಯ ರಾತ್ರಿ ಹೆದ್ದಾರಿಯಲ್ಲಿ ನಡೆಯುವಾಗ ಎದುರಿನಿಂದ ಲಾರಿಯೊಂದು ದೀಪ ಹೊತ್ತಿಸಿಕೊಂಡು ಬಂದರೆ, ಅದರ ಪಕ್ಕದಲ್ಲಿಯೇ ಬರುತ್ತಿರುವ ಸೈಕಲ್ಲಿನವನು ನಮಗೆ ಕಾಣಿಸನು. ಆಗ ನಾವು ಯಾರೂ ಹೇಳಿಕೊಡದೆಯೇ ಒಂದು ಕೆಲಸ ಮಾಡುತ್ತೇವೆ: ಕೈಯೆತ್ತಿ ದೀಪವನ್ನು ಮರೆಮಾಡಿ, ಕೈಯ ಅಂಚಿನ ಆಚೆ ಇಣಿಕಿ ನೋಡುತ್ತೇವೆ. ೧೯೩೦ರ ಸುಮಾರಿನಲ್ಲಿ ಫ್ರಾನ್ಸಿನ ಬರ್ನಾರ್ ಲಿಯೊ ಎಂಬ ಖಗೋಳಜ್ಞನು ಇದೇ ಉಪಾಯವನ್ನು ದೂರದರ್ಶಕದ ಒಳಗೆ ಅಳವಡಿಸಿದನು. ಸೂರ್ಯನ ಸುತ್ತಲಿನ ಕರೋನ ಎಂಬ ಮಂದ ಪ್ರಭಾವಲಯ ಅಲ್ಲಿಯವರೆಗೆ ಪೂರ್ಣ ಗ್ರಹಣದ ಕೆಲವು ನಿಮಿಷಗಳಲ್ಲಿ ಮಾತ್ರ ಕಾಣಸಿಗುತ್ತಿತ್ತು. ಲಿಯೊ ದೂರದರ್ಶಕದ ನಾಭಿಯಲ್ಲಿ, ಸೂರ್ಯಬಿಂಬ ಬೀಳುವ ಸ್ಥಳಕ್ಕೆ ಸರಿಯಾಗಿ, ಒಂದು ಪುಟ್ಟ ಬಿಲ್ಲೆಯನ್ನು ಅಡ್ಡವಿಟ್ಟು ಕೃತಕ ಗ್ರಹಣವನ್ನೇ ಉಂಟುಮಾಡಿದನು. ಬಿಲ್ಲೆ ಮಾತ್ರ ಸಾಲದು. ಮಸೂರದ ಅಂಚುಗಳಲ್ಲಿ ಬಾಗಿ ಚದುರುವ ಬೆಳಕನ್ನು ತಡೆಯಲು ಅದರ ಹಿಂದೆ ಇನ್ನೊಂದು ತಡೆಯನ್ನೂ ಇಡಬೇಕು. ಈ ಎರಡನೆಯ ತಡೆಯೇ ಲಿಯೊನ ಜಾಣತನ. ಕರೋನಾಗ್ರಾಫ್ ಎಂಬ ಈ ಸಾಧನ ಸೂರ್ಯನಿಗಾಗಿ ಹುಟ್ಟಿತು. ಅರ್ಧ ಶತಮಾನದ ಮೇಲೆ ನಕ್ಷತ್ರಗಳ ಕಡೆಗೆ ತಿರುಗಿತು.

ನೆಲದ ಮೇಲಿನ ದೂರದರ್ಶಕಗಳಿಗೆ ಇನ್ನೊಂದು ಪೀಡೆಯುಂಟು; ಅದು ನಮ್ಮ ವಾಯುಮಂಡಲ. ಬೇಸಗೆಯ ಮಧ್ಯಾಹ್ನ ಕಾದ ರಸ್ತೆಯ ಮೇಲೆ ದೂರದ ವಸ್ತುಗಳು ಕದಲುವಂತೆ, ಮೇಲಣ ಗಾಳಿಯ ಬಿಸಿ ತಂಪು ಪದರಗಳು ನಕ್ಷತ್ರದ ಬಿಂಬವನ್ನು ಸದಾ ಕದಡುತ್ತಿರುತ್ತವೆ. ನಕ್ಷತ್ರಗಳು ಮಿನುಗುವುದು ಈ ಕಾರಣದಿಂದಲೇ. ಬಿಂಬ ಕದಡುವ ರೀತಿಯನ್ನು ಕ್ಷಣಕ್ಷಣಕ್ಕೂ ಅಳೆದು, ದರ್ಪಣದ ಮೈಯನ್ನು ಅದಕ್ಕೆ ವಿರೋಧವಾಗಿ ಬಗ್ಗಿಸುತ್ತಿದ್ದರೆ ಬಿಂಬ ನೆಟ್ಟಗಾಗುವುದೆಂದು ೧೯೫೩ರಲ್ಲಿಯೇ ಹೊರೇಸ್ ಬ್ಯಾಬ್‌ಕಾಕ್ ಸೂಚಿಸಿದ್ದನು. ಅಂದಿನ ಯಂತ್ರಗಳಿಗೆ ಆ ವೇಗವಿರಲಿಲ್ಲ. ಗಣಕಯಂತ್ರಗಳು ಬೆಳೆದ ಮೇಲೆ, ಸೆಕೆಂಡಿಗೆ ನೂರಾರು ಸಲ ಮೈ ತಿದ್ದಿಕೊಳ್ಳುವ ದರ್ಪಣಗಳು ಇಂದು ದೊಡ್ಡ ವೀಕ್ಷಣಾಲಯಗಳಲ್ಲೆಲ್ಲ ಬಳಕೆಯಲ್ಲಿವೆ.

ಇಷ್ಟಾದರೂ ನಮ್ಮ ಗುರುಗ್ರಹದಂಥ ತಣ್ಣನೆಯ ಮುದಿ ಗ್ರಹವನ್ನು ಹಿಡಿಯುವುದು ದುಸ್ಸಾಧ್ಯ. ಆದುದರಿಂದ ಖಗೋಳಜ್ಞರು ಎಳೆಯ ಗ್ರಹಗಳನ್ನು ಅರಸಿದರು. ಆಗತಾನೇ ಹುಟ್ಟಿದ ದೈತ್ಯ ಗ್ರಹ ಒಲೆಯಿಂದ ಇಳಿಸಿದ ಪಾತ್ರೆಯಂತೆ ಕೋಟ್ಯಂತರ ವರ್ಷ ಬಿಸಿಯಾಗಿದ್ದು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಸೂಸುತ್ತದೆ. ಆ ಕಿರಣಗಳಲ್ಲಿ ನೋಡಿದರೆ ನಕ್ಷತ್ರಕ್ಕೂ ಗ್ರಹಕ್ಕೂ ಇರುವ ಅಂತರ ನೂರು ಕೋಟಿಯಿಂದ ಲಕ್ಷಕ್ಕೋ ಹತ್ತು ಸಾವಿರಕ್ಕೋ ಇಳಿಯುತ್ತದೆ. ಫೋಮಲ್‌ಹಾಟಿನ ಸುದ್ದಿ ಹೊರಬಿದ್ದ ಅದೇ ದಿನ, ಎಚ್.ಆರ್. ೮೭೯೯ ಎಂಬ ನಕ್ಷತ್ರದ ಸುತ್ತ ಮೂರು ಗ್ರಹಗಳ ಚಿತ್ರವನ್ನು ಕ್ರಿಶ್ಚಿಯನ್ ಮರ್ವಾ ಮತ್ತು ಸಂಗಡಿಗರು ಪ್ರಕಟಿಸಿದರು; ೨೦೧೦ರಲ್ಲಿ ನಾಲ್ಕನೆಯದೂ ಸಿಕ್ಕಿತು. ಇವು ಹಿಡಿದ ಗ್ರಹಗಳು, ಜಾರಿಹೋದವಲ್ಲ. ವರ್ಷವರ್ಷವೂ ತೆಗೆದ ಚಿತ್ರಗಳನ್ನು ಒಂದರ ಹಿಂದೊಂದರಂತೆ ಓಡಿಸಿದರೆ, ನಾಲ್ಕೂ ಕೆಪ್ಲರನ ನಿಯಮಕ್ಕೆ ಅನುಸಾರವಾಗಿ ನಕ್ಷತ್ರದ ಸುತ್ತ ಸರಿಯುವುದನ್ನು ಕಣ್ಣಾರೆ ನೋಡಬಹುದು.

ಇನ್ನು ಧೂಳಿನ ಮಾತು. ಫೋಮಲ್‌ಹಾಟಿನ ರಹಸ್ಯವೆಲ್ಲ ಅಡಗಿರುವುದು ಧೂಳಿನಲ್ಲಿ.

೧೯೮೩ರಲ್ಲಿ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ಈ ಮೂರು ದೇಶಗಳು ಸೇರಿ ಐರಾಸ್ ಎಂಬ ಅವಕೆಂಪು ದೂರದರ್ಶಕವನ್ನು ಭೂಮಿಯ ಸುತ್ತ ಹಾರಿಸಿದವು. ಯಾವುದೇ ತಕ್ಕಡಿಯನ್ನು ಬಳಸುವ ಮೊದಲು ತೂಕ ತಿಳಿದ ಕಲ್ಲನ್ನಿಟ್ಟು ಪರೀಕ್ಷಿಸಬೇಕಷ್ಟೆ. ಹಾಗೆಯೇ ಅದರ ಉಪಕರಣಗಳನ್ನು ಸರಿನೋಡಲು, ಪ್ರಕಾಶ ಚೆನ್ನಾಗಿ ತಿಳಿದಿದ್ದ ಅಭಿಜಿತ್ ನಕ್ಷತ್ರವನ್ನು ಆರಿಸಿಕೊಂಡರು. ತಕ್ಕಡಿ ತಪ್ಪು ತೋರಿಸಿತು! ಇರಬೇಕಾದುದಕ್ಕಿಂತ ಬಹು ಹೆಚ್ಚಿನ ಅವಕೆಂಪು ಕಿರಣಗಳು ಅಭಿಜಿತ್ತಿನಿಂದ ಬರುತ್ತಿದ್ದವು. ಪರೀಕ್ಷಿಸಿ ನೋಡಲಾಗಿ ತಪ್ಪು ಉಪಕರಣದ್ದಲ್ಲ. ನಕ್ಷತ್ರದ ಸುತ್ತ ಬೆಚ್ಚಗಾದ ಧೂಳು ಹರಡಿಕೊಂಡಿತ್ತು. ಫೋಮಲ್‌ಹಾಟ್, ಬೀಟಾ ಪಿಕ್ಟೋರಿಸ್, ಎಪ್ಸಿಲಾನ್ ಎರಿಡಾನಿ ಎಂಬ ಇನ್ನೂ ಮೂರು ನಕ್ಷತ್ರಗಳಲ್ಲಿ ಇದೇ ಲಕ್ಷಣ ಸ್ಪಷ್ಟವಾಗಿ ತೋರಿಬಂದಿತು. ಮರುವರ್ಷವೇ ಬ್ರಾಡ್‌ಫರ್ಡ್ ಸ್ಮಿತ್ ಮತ್ತು ರಿಚರ್ಡ್ ಟೆರಿಲ್ ಎಂಬಿಬ್ಬರು ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಕರೋನಾಗ್ರಾಫನ್ನು ಬಳಸಿ, ಬೀಟಾ ಪಿಕ್ಟೋರಿಸ್ಸಿನ ಎರಡು ಪಕ್ಕಗಳಲ್ಲೂ ಕತ್ತಿಯಂತೆ ಚಾಚಿಕೊಂಡಿದ್ದ ಧೂಳಿನ ತಟ್ಟೆಯ ಚಿತ್ರವನ್ನೇ ತೆಗೆದರು.

ಗ್ರಹಕ್ಕಿಂತ ಧೂಳು ಮೊದಲು ಕಂಡದ್ದು ಸೋಜಿಗವೆನಿಸಬಹುದು. ಆದರೆ ಶಾಲೆಯ ಕೊಠಡಿಯಲ್ಲಿಯೇ ಇದಕ್ಕೆ ಸಾಕ್ಷಿಯುಂಟು. ಉಪಾಧ್ಯಾಯರ ಕೈಯಲ್ಲಿರುವ ಸೀಮೆಸುಣ್ಣದ ತುಂಡು ಕಡೆಯ ಬೆಂಚಿನವನಿಗೆ ಕಂಡೂ ಕಾಣದಂತಿರುತ್ತದೆ; ಅದೇ ಸುಣ್ಣ ಪುಡಿಯಾಗಿ ಡಸ್ಟರಿನಿಂದ ಎದ್ದರೆ, ಕಿಟಕಿಯ ಬಿಸಿಲಿನಲ್ಲಿ ದೊಡ್ಡ ಮೋಡದಂತೆ ತೋರುತ್ತದೆ. ಒಂದು ಸೆಂಟಿಮೀಟರಿನ ಘನವೊಂದರ ಮೈಯ ವಿಸ್ತಾರ ಕೇವಲ ೬ ಚದರ ಸೆಂಟಿಮೀಟರು. ಅದನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಕಣಗಳಾಗಿ ಅರೆದರೆ ಮೈಯ ವಿಸ್ತಾರ ೬ ಚದರ ಮೀಟರು, ಎಂದರೆ ಹತ್ತು ಸಾವಿರ ಮಡಿ, ಆಗುವುದು. ಬೆಳಕನ್ನು ಪ್ರತಿಫಲಿಸುವುದು ಮೈ, ತೂಕವಲ್ಲ. ಆದುದರಿಂದ ದೊಡ್ಡ ಗ್ರಹವೊಂದು ಮರೆಯಲ್ಲಿ ಕುಳಿತಿರುವಾಗ, ಅದರ ತೂಕದ ಅತ್ಯಲ್ಪ ಭಾಗವೂ ಇಲ್ಲದ ಧೂಳು ಜಗಜಗಿಸಬಹುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಈ ಧೂಳು ನಕ್ಷತ್ರ ಹುಟ್ಟಿದಾಗ ಉಳಿದುಬಂದ ಹಳೆಯ ಧೂಳಲ್ಲ. ಹಾಗಿರಲು ಸಾಧ್ಯವಿಲ್ಲ. ಬೆಳಕಿಗೂ ಒತ್ತಡವುಂಟು. ಅತಿ ಸಣ್ಣ ಕಣಗಳನ್ನು ನಕ್ಷತ್ರದ ಬೆಳಕು ಹೊಟ್ಟು ತೂರಿದಂತೆ ಹೊರಕ್ಕೆ ತೂರಿಬಿಡುತ್ತದೆ. ಸ್ವಲ್ಪ ದೊಡ್ಡ ಕಣಗಳ ಗತಿ ಇದಕ್ಕೆ ವಿರುದ್ಧ: ಮಳೆಯಲ್ಲಿ ಓಡುವವನ ಎದೆಗೆ ಹನಿಗಳು ಎದುರಿನಿಂದ ಬಡಿಯುವಂತೆ, ಸುತ್ತುವ ಕಣಕ್ಕೆ ಬೆಳಕು ತುಸು ಎದುರಿನಿಂದ ಬಡಿದು ಅದರ ವೇಗವನ್ನು ಕುಗ್ಗಿಸುತ್ತದೆ. ಕಣ ಸುರುಳಿಸುತ್ತುತ್ತ ಒಳಕ್ಕೆ ಇಳಿದು ನಕ್ಷತ್ರದ ಹತ್ತಿರ ನಾಶವಾಗುತ್ತದೆ. ಜಾನ್ ಪಾಯಿಂಟಿಂಗ್ ೧೯೦೩ರಲ್ಲಿ ತೋರಿಸಿ, ಹವರ್ಡ್ ರಾಬರ್ಟ್‌ಸನ್ ೧೯೩೭ರಲ್ಲಿ ತಿದ್ದಿ ಪೂರ್ಣಗೊಳಿಸಿದ ತತ್ತ್ವವಿದು. ಈ ಎರಡು ದಾರಿಗಳಿಂದ ಧೂಳು ಖರ್ಚಾಗುವುದಕ್ಕೆ ಬೇಕಾದ ಕಾಲ ನಕ್ಷತ್ರದ ವಯಸ್ಸಿನ ಮುಂದೆ ಏನೇನೂ ಅಲ್ಲ. ಆದರೂ ಧೂಳಿದೆಯೆಂದರೆ, ಅದನ್ನು ಹೊಸದಾಗಿ ಅರೆದು ಸುರಿಯುವ ಬೀಸುಕಲ್ಲೊಂದು ಇರಲೇಬೇಕು. ಬಂಡೆಗಳೂ ಹಿಮದ ಗೋಳಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ಪುಡಿಯಾಗುತ್ತಿರುವುದೇ ಆ ಬೀಸುಕಲ್ಲು. ನಮ್ಮ ಸೌರವ್ಯೂಹದಲ್ಲಿಯೂ ಕ್ಷುದ್ರಗ್ರಹಗಳು ಮತ್ತು ಧೂಮಕೇತುಗಳು ಇಂಥ ಧೂಳನ್ನು ಉದುರಿಸುತ್ತಿವೆ. ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಚಂದ್ರನಿಲ್ಲದ ಸಂಜೆ, ವಿದ್ಯುದ್ದೀಪಗಳಿಂದ ದೂರವಾದ ಹಳ್ಳಿಯ ಬಯಲಿನಲ್ಲಿ ನಿಂತು ನೋಡಿದರೆ, ಸಂಜೆಗೆಂಪು ಪೂರ್ಣ ಅಳಿದ ಮೇಲೆ ಪಶ್ಚಿಮದಲ್ಲಿ ಗೋಪುರದಂತೆ ಮೇಲೇರುವ ಮಂದವಾದ ಬೆಳಕೊಂದು ಕಾಣುವುದುಂಟು. ಅದು ನಮ್ಮ ಸೂರ್ಯನ ಧೂಳುತಟ್ಟೆ. ನಾವು ಒಳಗೇ ಕುಳಿತಿರುವುದರಿಂದ ಅದರ ಆಕಾರ ನಮಗೆ ತಿಳಿಯದು.

ಈಗ ಮೀನಿನ ಬಾಯಿಯ ನಕ್ಷತ್ರಕ್ಕೆ ಹಿಂದಿರುಗೋಣ. ಭೂಮಿಗೂ ಸೂರ್ಯನಿಗೂ ನಡುವಣ ದೂರ ಸುಮಾರು ೧೫ ಕೋಟಿ ಕಿಲೋಮೀಟರು. ಇದನ್ನು ಒಂದು ಖಗೋಳಮಾನವೆನ್ನುತ್ತಾರೆ. ೨೦೦೪ರಲ್ಲಿ ಹಬಲ್ ದೂರದರ್ಶಕದ ಕರೋನಾಗ್ರಾಫಿನಿಂದ ತೆಗೆದ ಚಿತ್ರದಲ್ಲಿ, ಫೋಮಲ್‌ಹಾಟಿನಿಂದ ಸುಮಾರು ೧೪೦ ಖಗೋಳಮಾನಗಳ ದೂರದಲ್ಲಿ ಬಳೆಯಂಥ ಧೂಳಿನ ಉಂಗುರವೊಂದು ಬೆಳಗುತ್ತಿತ್ತು. ಎರಡು ಸಂಗತಿಗಳು ಕಲಾಸರ ತಂಡದವರ ಗಮನವನ್ನು ಸೆಳೆದವು. ಉಂಗುರದ ಒಳ ಅಂಚು ಚಾಕುವಿನಿಂದ ಕತ್ತರಿಸಿದಂತೆ ನೇರ್ಪಾಗಿತ್ತು. ಮತ್ತು ಉಂಗುರದ ಕೇಂದ್ರದಲ್ಲಿ ನಕ್ಷತ್ರವಿರಲಿಲ್ಲ. ಅದು ಸುಮಾರು ೧೫ ಖಗೋಳಮಾನಗಳಷ್ಟು ಪಕ್ಕಕ್ಕೆ ಸರಿದಿತ್ತು. ಒಳಗಡೆ ಎಲ್ಲಿಯೋ ಗ್ರಹವೊಂದಿದ್ದು, ಅದರ ಗುರುತ್ವಾಕರ್ಷಣೆ ಉಂಗುರವನ್ನು ಎಳೆದು ಅಂಚನ್ನು ಗುಡಿಸುತ್ತಿರಬೇಕೆಂದು ೨೦೦೫ರಲ್ಲಿ ಅವರು ತರ್ಕಿಸಿದರು.

ಆ ತರ್ಕದಲ್ಲಿ ದೋಷವಿರಲಿಲ್ಲ. ೨೦೦೪ ಮತ್ತು ೨೦೦೬ರ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಉಂಗುರದ ಒಳ ಅಂಚಿನ ಬಳಿಯಲ್ಲಿಯೇ ಸೂಜಿಯ ಮೊನೆಯಂಥ ಬಿಂದುವೊಂದಿತ್ತು. ಎರಡು ವರ್ಷಗಳಲ್ಲಿ ಅದು ತನ್ನ ಜಾಗದಿಂದ ಸರಿದಿತ್ತು. ಹಿನ್ನೆಲೆಯ ನಕ್ಷತ್ರವಾಗಿದ್ದರೆ ಹಾಗೆ ಸರಿಯುತ್ತಿರಲಿಲ್ಲ. ನಕ್ಷತ್ರದ ಬೆಳಕಿನ ನೂರು ಕೋಟಿಯಲ್ಲಿ ಒಂದು ಪಾಲೂ ಅದರಲ್ಲಿರಲಿಲ್ಲ. ಒಂದು ಸುತ್ತಿಗೆ ಸುಮಾರು ೮೭೦ ವರ್ಷ ಬೇಕೆಂದು ಲೆಕ್ಕ ಬಂದಿತು. ಇದ್ದಿರಲೇಬೇಕೆಂದು ಹೇಳಿದ್ದ ಸ್ಥಳದಲ್ಲಿಯೇ ಸಿಕ್ಕಿದ ವಸ್ತುವನ್ನು ಯಾರು ತಾನೇ ಸಂದೇಹಿಸಿಯಾರು? ನೆಪ್ಚೂನ್ ಗ್ರಹವೂ ೧೮೪೬ರಲ್ಲಿ ಹೀಗೆಯೇ ಲೆಕ್ಕದಿಂದ ಮೊದಲು, ಕಣ್ಣಿನಿಂದ ಆಮೇಲೆ ಸಿಕ್ಕಿತಲ್ಲವೇ!

ಆದರೂ ಸಂದೇಹದ ಬೀಜ ಮೊದಲ ದಿನದಿಂದಲೇ ಇತ್ತು. ಎಳೆಯ ದೈತ್ಯ ಗ್ರಹ ಅವಕೆಂಪು ಕಿರಣಗಳಲ್ಲಿ ಹೊಳೆಯಬೇಕೆಂದು ಮೇಲೆ ಹೇಳಿದೆನಷ್ಟೆ. ಇದು ಕಣ್ಣಿನ ಬೆಳಕಿನಲ್ಲಿ ಹೊಳೆಯುತ್ತಿತ್ತೇ ವಿನಾ, ಅವಕೆಂಪಿನಲ್ಲಿ ಕಾಣಿಸಲಿಲ್ಲ. ಸ್ಪಿಟ್ಜರ್ ಎಂಬ ಅವಕೆಂಪು ಆಕಾಶದೂರದರ್ಶಕದಿಂದ ಎಷ್ಟು ಹುಡುಕಿದರೂ ಆ ಸ್ಥಳ ಬರಿದಾಗಿಯೇ ಉಳಿಯಿತು. ಗ್ರಹ ಚಿಕ್ಕದಿದ್ದು, ಅದರ ಸುತ್ತ ಶನಿಯ ಬಳೆಗಳಿಗಿಂತ ಬಹು ದೊಡ್ಡ ಬಳೆಯೊಂದಿದ್ದು, ಆ ಬಳೆಯೇ ಬೆಳಕನ್ನು ಪ್ರತಿಫಲಿಸುತ್ತಿರಬಹುದೆಂಬುದು ಒಂದು ಸಮಾಧಾನ. ಕಲಾಸರ ತಂಡದವರೇ ಇದನ್ನು ಸೂಚಿಸಿದ್ದರು. ಅಷ್ಟರಲ್ಲಿ ಹಬಲ್ಲಿನ ಆ ಉಪಕರಣ ೨೦೦೭ರಲ್ಲಿ ಕೆಟ್ಟಿತು. ಬೇರೊಂದು ಉಪಕರಣದಿಂದ ೨೦೧೦ ಮತ್ತು ೨೦೧೨ರಲ್ಲಿ ಮತ್ತೆ ಚಿತ್ರಗಳನ್ನು ತೆಗೆದರು. ಬಿಂದು ಇತ್ತು. ಆದರೆ ಈಗ ದೊರೆತ ಪಥವನ್ನು ಲೆಕ್ಕ ಹಾಕಿದರೆ ಅದು ವೃತ್ತಕ್ಕೆ ಹತ್ತಿರವಾಗಿರದೆ ಬಹಳ ನೀಳವಾಗಿತ್ತು; ನಮಗೆ ಕಾಣುವಂತೆ ಧೂಳಿನ ಉಂಗುರವನ್ನೇ ಅಡ್ಡಹಾಯುತ್ತಿತ್ತು. ಉಂಗುರವನ್ನು ಅಚ್ಚುಕಟ್ಟಾಗಿ ಇಟ್ಟಿರುವ ಕುರುಬನೆಂದು ಯಾರನ್ನು ಕರೆದಿದ್ದರೋ ಅವನೇ ಮಂದೆಯ ನಡುವೆ ನುಗ್ಗಿ ಓಡುವವನಾದನು. ಇವನಿಂದ ಉಂಗುರದ ಅಂಚು ನೇರ್ಪಾಗುವುದೆಂತು?

ಕೊನೆಯ ಮಾತನ್ನು ಹೇಳಿದವರು ಅರಿಜೋನ ವಿಶ್ವವಿದ್ಯಾನಿಲಯದ ಆಂಡ್ರಾಸ್ ಗಾಸ್ಪಾರ್ ಮತ್ತು ಜಾರ್ಜ್ ರೀಕಿ. ಅವರು ಹೊಸ ಚಿತ್ರವನ್ನು ತೆಗೆಯಲಿಲ್ಲ. ಹಬಲ್ ತೆಗೆದಿಟ್ಟಿದ್ದ ಹಳೆಯ ಚಿತ್ರಗಳನ್ನೆಲ್ಲ ಕ್ರಮವಾಗಿ ಜೋಡಿಸಿ ಪುನಃ ಅಳೆದರು. ೨೦೦೪ರಿಂದ ಮುಂದಕ್ಕೆ ಬಂದಂತೆಲ್ಲ ಬಿಂದು ಮಂಕಾಗುತ್ತಿತ್ತು. ಮಂಕಾಗುತ್ತಿದ್ದಂತೆ ಹಿಗ್ಗುತ್ತಲೂ ಇತ್ತು. ೨೦೧೪ರ ಚಿತ್ರದಲ್ಲಿ ಅದು ಇರಲೇ ಇಲ್ಲ. ಗ್ರಹವಾದದ್ದು ಹತ್ತು ವರ್ಷಗಳಲ್ಲಿ ಹಿಗ್ಗಿ ಕರಗಿಹೋಗಲಾರದು. ಹಾಗೆ ಮಾಡುವುದು ಧೂಳಿನ ಮೋಡ. ಸುಮಾರು ೨೦೦ ಕಿಲೋಮೀಟರು ಅಡ್ಡಗಲದ ಎರಡು ಹಿಮಗೋಳಗಳು, ೨೦೦೪ಕ್ಕೆ ತುಸುವೇ ಹಿಂದೆ, ಒಂದಕ್ಕೊಂದು ಬಡಿದು ಪುಡಿಯಾಗಿರಬೇಕು. ಡಸ್ಟರಿನಿಂದೆದ್ದ ಸುಣ್ಣದ ಪುಡಿಯಂತೆ ಆ ಧೂಳು ಮೊದಲು ಬೆಳಗಿ, ಅನಂತರ ಚದುರುತ್ತ ಚದುರುತ್ತ ಕಣ್ಮರೆಯಾಗಿರಬೇಕು ಎಂದು ೨೦೨೦ರಲ್ಲಿ ಅವರು ತೀರ್ಮಾನಿಸಿದರು. ಕಡೆಯಲ್ಲಿ ಆ ಮೋಡದ ವಿಸ್ತಾರ ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆಗಿಂತ ದೊಡ್ಡದಾಗಿತ್ತು. ಅವಕೆಂಪಿನಲ್ಲಿ ಅದೇಕೆ ಕಾಣಲಿಲ್ಲವೆಂಬುದಕ್ಕೆ ಇಲ್ಲಿ ಉತ್ತರ ಸಿಗುತ್ತದೆ: ಅದು ಬಿಸಿ ಗ್ರಹವಲ್ಲ, ಬೆಳಕನ್ನು ಪ್ರತಿಫಲಿಸುವ ತಣ್ಣನೆಯ ಪುಡಿ. ಪಥ ವಿಚಿತ್ರವಾಗಿ ಕಂಡುದಕ್ಕೂ ಉತ್ತರವಿದೆ: ಅಷ್ಟು ಸಣ್ಣ ಕಣಗಳನ್ನು ನಕ್ಷತ್ರದ ಬೆಳಕು ಹೊರಕ್ಕೆ ನೂಕುತ್ತಿತ್ತು.

ನನ್ನ ಅಭಿಪ್ರಾಯದಲ್ಲಿ ಇದರಿಂದ ಕಲಾಸರಿಗೆ ಅಪಕೀರ್ತಿಯೇನೂ ಇಲ್ಲ. ಗ್ರಹಗಳನ್ನು ನಾವು ಹಲವು ಕಂಡಿದ್ದೇವೆ. ಪರನಕ್ಷತ್ರವೊಂದರ ಬಳಿ ಎರಡು ಲೋಕಗಳು ಡಿಕ್ಕಿ ಹೊಡೆದ ಪರಿಣಾಮವನ್ನು ಚಿತ್ರದಲ್ಲಿ ಹಿಡಿದದ್ದು ಅದಕ್ಕಿಂತ ಅಪರೂಪದ ಲಾಭ. ಅವರೂ ಸುಮ್ಮನಿರಲಿಲ್ಲ. ೨೦೨೩ರಲ್ಲಿ ಹಬಲ್ಲಿನಿಂದ ಮತ್ತೆ ತೆಗೆದ ಚಿತ್ರದಲ್ಲಿ ಬಿಂದುವೊಂದು ಕಾಣಿಸಿತು. ಹಳೆಯದೇ ಹಿಂದಿರುಗಿತೆನ್ನೋಣವೆಂದರೆ ಅದು ಇರಬೇಕಾದ ಜಾಗದಲ್ಲಿರಲಿಲ್ಲ. ಮೊದಲಿನ ಚಿತ್ರಗಳಲ್ಲಿ ಆ ಸ್ಥಳ ಬರಿದಾಗಿತ್ತು. ಇದು ಎರಡನೆಯ ಡಿಕ್ಕಿಯ ಧೂಳೆಂದು ಕಲಾಸರ ತಂಡ ೨೦೨೫ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಈ ಸಲ ಪುಡಿಯಾದ ಗೋಳಗಳ ಅಡ್ಡಗಲ ಸುಮಾರು ೬೦ ಕಿಲೋಮೀಟರೆಂದು ಅವರ ಅಂದಾಜು. ಹಿಂದಿನ ಸಿದ್ಧಾಂತಗಳ ಪ್ರಕಾರ ಇಂಥ ಡಿಕ್ಕಿ ಲಕ್ಷ ವರ್ಷಗಳಿಗೊಮ್ಮೆ ಆದರೂ ಹೆಚ್ಚು. ಇಲ್ಲಿ ಇಪ್ಪತ್ತು ವರ್ಷಗಳಲ್ಲಿ ಎರಡು, ಅವೂ ಉಂಗುರದ ಒಳ ಅಂಚಿನಲ್ಲಿ ಅಕ್ಕಪಕ್ಕದಲ್ಲಿ! ಈ ಲೆಕ್ಕ ಎಲ್ಲಿ ತಪ್ಪಿದೆಯೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ಪ್ರಶ್ನೆ. ಉಂಗುರವನ್ನು ಪಕ್ಕಕ್ಕೆಳೆದ ನಿಜವಾದ ಗ್ರಹವೂ ಸಿಕ್ಕಿಲ್ಲ. ೨೦೨೩ರಲ್ಲಿ ಪ್ರಕಟವಾದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ, ಹಳೆಯ ಉಂಗುರದ ಒಳಗೆ ಇನ್ನೂ ಎರಡು ಧೂಳಿನ ಪಟ್ಟಿಗಳು ಗೋಚರಿಸಿದುವು. ಅವುಗಳ ನಡುವೆ ತೆರವಾಗಿರುವ ಜಾಗಗಳನ್ನು ಗುಡಿಸಿದವರು ಯಾರೆಂದು ಊಹಿಸುವುದು ಸುಲಭ, ತೋರಿಸುವುದು ಕಷ್ಟ.

ಬಿಂದು ಕಂಡು ಮಾಯವಾದುದೆಲ್ಲ ಧೂಳೆಂದು ತಿಳಿಯುವುದೂ ತಪ್ಪಾದೀತು. ಬೀಟಾ ಪಿಕ್ಟೋರಿಸ್ಸಿನ ಧೂಳುತಟ್ಟೆಯ ಒಳಗೆ ಆನ್ ಮರೀ ಲಾಗ್ರಾಂಜ್ ಮತ್ತು ಸಂಗಡಿಗರು ೨೦೦೩ರ ಚಿತ್ರಗಳಲ್ಲಿ ಒಂದು ಬಿಂದುವನ್ನು ಕಂಡಿದ್ದರು. ೨೦೦೯ರ ಆದಿಯಲ್ಲಿ ನೋಡಿದರೆ ಅದು ಇರಲಿಲ್ಲ. ಅದೇ ವರ್ಷದ ಕೊನೆಯ ಭಾಗದಲ್ಲಿ ನಕ್ಷತ್ರದ ಮತ್ತೊಂದು ಪಕ್ಕದಲ್ಲಿ ಕಾಣಿಸಿಕೊಂಡಿತು! ಗ್ರಹ ನಕ್ಷತ್ರಕ್ಕೆ ತೀರ ಸಮೀಪವಾಗಿ ಹಾದು, ಪ್ರಭೆಯಲ್ಲಿ ಮುಳುಗಿ, ಆಚೆ ಎದ್ದಿತ್ತು. ಇದು ಗುರುಗ್ರಹದ ಸುಮಾರು ಹತ್ತು ಮಡಿ ತೂಕದ ನಿಜವಾದ ಗ್ರಹ. ಸುತ್ತಿಗೆ ಇಪ್ಪತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಬೇಕು. ಎರಡು ಕಥೆಗಳಲ್ಲಿಯೂ ಬಿಂದು ಕಂಡಿತು, ಮರೆಯಾಯಿತು. ಒಂದರಲ್ಲಿ ಅದು ಕೆಪ್ಲರನ ನಿಯಮ ಕರೆದ ಕಡೆಗೆ ಹಿಂದಿರುಗಿತು; ಇನ್ನೊಂದರಲ್ಲಿ ಇಲ್ಲ.

ಇದೀಗ ಇಂಥ ಮೂರನೆಯ ಕಥೆಯೊಂದು ಅರ್ಧದಲ್ಲಿ ನಿಂತಿದೆ. ಸೂರ್ಯನ ನೆರೆಮನೆಯಾದ ಆಲ್ಫಾ ಸೆಂಟಾರಿ ಕೇವಲ ೪.೪ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಮೇ ಜೂನ್ ತಿಂಗಳ ರಾತ್ರಿಗಳಲ್ಲಿ ನಮ್ಮ ದಕ್ಷಿಣ ದಿಗಂತದ ಮೇಲೆ ಕೆಳಮಟ್ಟದಲ್ಲಿ ಅದನ್ನು ಕಾಣಬಹುದು. ಬರಿಗಣ್ಣಿಗೆ ಒಂದಾಗಿ ತೋರುವ ಅದರಲ್ಲಿ ಎರಡು ದೊಡ್ಡ ನಕ್ಷತ್ರಗಳಿವೆ. ೨೦೨೪ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅವುಗಳಲ್ಲಿ ಹಿರಿಯದನ್ನು ಕರೋನಾಗ್ರಾಫಿನಿಂದ ಮರೆಮಾಡಿ ನೋಡಿದಾಗ, ಅದರಿಂದ ಸುಮಾರು ಎರಡು ಖಗೋಳಮಾನಗಳಷ್ಟು ಪಕ್ಕದಲ್ಲಿ ಬಿಂದುವೊಂದು ಕಂಡಿತು. ಗ್ರಹವಾಗಿದ್ದರೆ ಅದು ಶನಿಯಷ್ಟು ತೂಕದ್ದು. ೨೦೨೫ರ ಫೆಬ್ರವರಿಯಲ್ಲಿ ನೋಡಿದರು, ಇಲ್ಲ. ಏಪ್ರಿಲಿನಲ್ಲಿ ನೋಡಿದರು, ಇಲ್ಲ. ಆ ವರ್ಷದ ಆಗಸ್ಟಿನಲ್ಲಿ ಪ್ರಕಟವಾದ ವರದಿಯಲ್ಲಿ, ಸಾಧ್ಯವಿರುವ ಪಥಗಳನ್ನೆಲ್ಲ ಗಣಕದಲ್ಲಿ ಲೆಕ್ಕ ಹಾಕಿ, ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗ್ರಹವು ಆ ಎರಡು ದಿನಗಳಲ್ಲಿಯೂ ನಕ್ಷತ್ರದ ಪ್ರಭೆಯಲ್ಲಿ ಅಡಗಿರುತ್ತಿತ್ತೆಂದು ತೋರಿಸಿದ್ದಾರೆ. ಗ್ರಹವೆಂಬ ಹೆಸರನ್ನು ಅದಕ್ಕೆ ಕೊಟ್ಟಿಲ್ಲ. ‘ಅಭ್ಯರ್ಥಿ’ ಎಂದಷ್ಟೇ ಬರೆದಿದ್ದಾರೆ.